ಫೋನಿನಲ್ಲಿ ಕಡ್ಡಿ ಫುಲ್, ಆಲೆಮನೆಯಲ್ಲಿ ನೆಟ್ ಇಲ್ಲ: ದೋಷವನ್ನು ಗೆಣ್ಣು ಗೆಣ್ಣಾಗಿ ಹುಡುಕುವ ಬಗೆ

ಅಕ್ಟೋಬರ್ ಕೊನೆಯ ವಾರ. ಮಂಡ್ಯ ತಾಲ್ಲೂಕಿನ ಹಳ್ಳಿಯಲ್ಲಿರುವ ನಮ್ಮ ಸೋದರಮಾವ ಬೆಳಗ್ಗೆ ಆರೂವರೆಗೇ ಫೋನ್ ಮಾಡಿದರು. "ಏನ್ಲಾ ಅಳಿಯ, ಆಲೆಮನೇಲಿ ನೆಟ್ಟೇ ಬತ್ತಾ ಇಲ್ಲ ಕಣ್ಲಾ. ಫೋನಲ್ಲಿ ನೋಡುದ್ರೆ ಕಡ್ಡಿ ಫುಲ್ ಅವೆ. ಕಂಪ್ನಿಯವ್ರೇ ಏನೋ ಮಾಡ್ತಾವ್ರೆ."

ನಾನು ಮೈಸೂರಿನಲ್ಲಿ ಮನೆ, ಅಂಗಡಿ, ಸಣ್ಣ ಆಫೀಸುಗಳಿಗೆ ನೆಟ್‌ವರ್ಕ್ ಹಾಕಿಕೊಡುವ ಕೆಲಸ ಮಾಡುತ್ತೇನೆ. "ಕಡ್ಡಿ ಫುಲ್ ಇದೆ, ನೆಟ್ ಇಲ್ಲ" ಅನ್ನುವ ಮಾತನ್ನು ವಾರಕ್ಕೆ ನಾಲ್ಕು ಸಲವಾದರೂ ಕೇಳುತ್ತೇನೆ. ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಕಡ್ಡಿಯೂ ಸುಳ್ಳು ಹೇಳುತ್ತಿರುವುದಿಲ್ಲ. ಕಡ್ಡಿ ಹೇಳುವ ವಿಷಯವೇ ಬೇರೆ, ನಾವು ಅರ್ಥ ಮಾಡಿಕೊಳ್ಳುವುದೇ ಬೇರೆ. ಮಾವನ ಆಲೆಮನೆಯ ದೋಷ ಹುಡುಕಿದ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ವೈಫೈಗೆ ಸಂಬಂಧಪಟ್ಟ ಪದಗಳು ಎಲ್ಲಿ ಕೆಲಸಕ್ಕೆ ಬಂದವೋ ಅಲ್ಲೇ ಅವುಗಳ ಅರ್ಥವನ್ನೂ ಹೇಳುತ್ತಾ ಹೋಗುತ್ತೇನೆ. ಪದ ಗೊತ್ತಿದ್ದರೆ ಎಲ್ಲಿ ನೋಡಬೇಕು ಅನ್ನುವುದು ಗೊತ್ತಾಗುತ್ತದೆ.

ಮೊದಲು ದಾರಿಯ ಚಿತ್ರ ಬರೆದುಕೊಳ್ಳಿ

ಮಾವನ ಮನೆ ಊರಿನ ಅಂಚಿನಲ್ಲಿದೆ. ಫೈಬರ್ ಲೈನು ಅಲ್ಲಿಗೆ ಬರುತ್ತದೆ. ಆಲೆಮನೆ ಅಲ್ಲಿಂದ ಸುಮಾರು 210 ಮೀಟರ್ ದೂರ. ನಡುವೆ ಪೂರ್ತಿ ಕಬ್ಬಿನ ಗದ್ದೆ. ಆಲೆಮನೆಯಲ್ಲಿ ಮೊಬೈಲ್ ಟವರ್ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ. ಬೆಲ್ಲದ ಫೋಟೊ ಮಂಡಿಗೆ ಕಳಿಸಬೇಕು, ಲಾರಿ ಬಾಡಿಗೆ ಫೋನಿನಲ್ಲೇ ಕಟ್ಟಬೇಕು, ರಾತ್ರಿ ಕ್ಯಾಮೆರಾ ನೋಡಬೇಕು. ಅದಕ್ಕೆ ಜನವರಿಯಲ್ಲಿ ಯಾರನ್ನೋ ಕರೆಸಿ ಮನೆಯ ತಾರಸಿ ಮೇಲೊಂದು, ಆಲೆಮನೆಯ ಶೀಟಿನ ಅಂಚಿಗೊಂದು ರೇಡಿಯೊ ಡಬ್ಬಿ ಕೂರಿಸಿದ್ದರು. ಒಂದರ ಮುಖ ಇನ್ನೊಂದರ ಕಡೆಗೆ. ಈ ಜೋಡಿಗೆ ವೈರ್‌ಲೆಸ್ ಬ್ರಿಡ್ಜ್ ಅನ್ನುತ್ತಾರೆ. ವೈರು ಎಳೆಯಲಾಗದ ಕಡೆ ಗಾಳಿಯಲ್ಲೇ ಕಟ್ಟಿದ ಸೇತುವೆ.

ಹೀಗಾಗಿ ಮಾವನ ಫೋನಿನಿಂದ ಹೊರಟ ಮಾತು ಇಷ್ಟು ಕಡೆ ಹಾದು ಹೋಗಬೇಕು. ಫೋನಿನಿಂದ ಆಲೆಮನೆಯೊಳಗಿನ ಚಿಕ್ಕ ವೈಫೈ ಡಬ್ಬಿಗೆ. ಅಲ್ಲಿಂದ ಕೇಬಲ್ಲಿನಲ್ಲಿ ಶೀಟಿನ ಅಂಚಿನ ರೇಡಿಯೊಗೆ. ಅಲ್ಲಿಂದ ಕಬ್ಬಿನ ಮೇಲೆ ಹಾರಿ ತಾರಸಿಯ ರೇಡಿಯೊಗೆ. ಅಲ್ಲಿಂದ ಕೇಬಲ್ಲಿನಲ್ಲಿ ಮನೆಯ ರೌಟರಿಗೆ. ಆಮೇಲೆ ಫೈಬರ್, ಆಮೇಲೆ ಕಂಪನಿ, ಆಮೇಲೆ ಹೊರಗಿನ ಪ್ರಪಂಚ. ಕಬ್ಬಿನ ಜಲ್ಲೆಯ ಹಾಗೆ ಗೆಣ್ಣು ಗೆಣ್ಣಾಗಿದೆ ಅಲ್ವಾ? ಫೋನಿನ ಕಡ್ಡಿ ತೋರಿಸುವುದು ಮೊದಲ ಗೆಣ್ಣನ್ನು ಮಾತ್ರ. ಆಲೆಮನೆಯೊಳಗಿನ ಡಬ್ಬಿ ಮಾವನ ತಲೆಯ ಮೇಲೆ ಹತ್ತಡಿ ದೂರದಲ್ಲಿತ್ತು. ಕಡ್ಡಿ ಫುಲ್ ಇರಲೇಬೇಕು. ಆ ಡಬ್ಬಿಯ ಹಿಂದೆ ದಾರಿ ಕಡಿದುಹೋಗಿದ್ದರೂ ಕಡ್ಡಿ ಫುಲ್ಲೇ ಇರುತ್ತದೆ.

ವೈಫೈ ಬೇರೆ, ಇಂಟರ್ನೆಟ್ ಬೇರೆ. ಇದೊಂದು ತಲೆಯಲ್ಲಿ ಕೂತರೆ ಅರ್ಧ ದೋಷ ಹುಡುಕಿದಂತೆ.

ಒಳಗಿನ ಆ ಚಿಕ್ಕ ಡಬ್ಬಿಗೆ ಆಕ್ಸೆಸ್ ಪಾಯಿಂಟ್ ಎಂದು ಹೆಸರು. ಫೋನುಗಳು ಒಳಗೆ ಬರುವ ಬಾಗಿಲು ಅದು. ಅದು ಗಾಳಿಯಲ್ಲಿ ಕೂಗಿ ಹೇಳುವ ಹೆಸರೇ ಎಸ್‌ಎಸ್‌ಐಡಿ, ಅಂದರೆ ಫೋನಿನಲ್ಲಿ ವೈಫೈ ಪಟ್ಟಿ ತೆಗೆದಾಗ ಕಾಣುವ ಹೆಸರು. ರೌಟರ್ ಅಂದರೆ ಮನೆಯ ಜಾಲವನ್ನೂ ಹೊರಗಿನ ಜಾಲವನ್ನೂ ಸೇರಿಸುವ ಡಬ್ಬಿ. ಮನೆಗಳಲ್ಲಿ ಎರಡೂ ಒಂದೇ ಡಬ್ಬಿಯಲ್ಲಿ ಇರುವುದರಿಂದ ನಾವು ಎರಡಕ್ಕೂ ರೌಟರ್ ಅಂದುಬಿಡುತ್ತೇವೆ.

ಮುಟ್ಟುವ ಮೊದಲು ಕೇಳಬೇಕಾದ್ದು

ಮೈಸೂರಿನಿಂದ ಹೊರಡುವ ಮುಂಚೆಯೇ ಫೋನಿನಲ್ಲಿ ನಾಲ್ಕು ಪ್ರಶ್ನೆ ಕೇಳಿದೆ. ಮನೆಯಲ್ಲಿ ನೆಟ್ ಬರುತ್ತಿದೆಯಾ? ಬರುತ್ತಿದೆ. ಆಲೆಮನೆಯಲ್ಲಿ ಎಲ್ಲರ ಫೋನಿಗೂ ಇಲ್ಲವಾ, ನಿಮ್ಮದಕ್ಕೆ ಮಾತ್ರವಾ? ಯಾರಿಗೂ ಇಲ್ಲ. ಯಾವಾಗಿನಿಂದ? ಗೌರಿ ಹಬ್ಬದ ಆಸುಪಾಸಿನಿಂದ ಆಗಾಗ, ಈಗ ಒಂದು ವಾರದಿಂದ ಪೂರ್ತಿ. ಯಾವ ಹೊತ್ತಿನಲ್ಲಿ ಜಾಸ್ತಿ? ಮಾವ ಸ್ವಲ್ಪ ಯೋಚನೆ ಮಾಡಿ ಹೇಳಿದರು, "ಬೆಳಗ್ಗೆ ಹೊತ್ತು ಸುತರಾಂ ಬರಲ್ಲ. ಮಧ್ಯಾಹ್ನ ಒಂದೊಂದ್ ಸಲ ಬತ್ತದೆ. ಮಳೆ ಬಂದ್ರಂತೂ ಮುಗೀತು."

ಮನೆಯಲ್ಲಿ ನೆಟ್ ಇದೆ ಅಂದರೆ ಕಂಪನಿಯವರ ತಪ್ಪಲ್ಲ. ಎಲ್ಲ ಫೋನಿಗೂ ಇಲ್ಲ ಅಂದರೆ ಫೋನಿನ ತಪ್ಪಲ್ಲ. ನಿಧಾನವಾಗಿ ಕೆಡುತ್ತಾ ಬಂದಿದೆ ಅಂದರೆ ಯಾವುದೋ ಸುಟ್ಟುಹೋಗಿಲ್ಲ, ಏನೋ ಬದಲಾಗುತ್ತಾ ಬಂದಿದೆ. ಬೆಳಗಿನ ಹೊತ್ತು, ಮಳೆ. ಇದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡೆ.

ಒಂದು ವಿಷಯ ಬೇಡಿಕೊಂಡು ಹೇಳುತ್ತೇನೆ. ನೆಟ್ ಇಲ್ಲ ಅಂದ ತಕ್ಷಣ ಡಬ್ಬಿಯ ಹಿಂದಿನ ಸಣ್ಣ ತೂತಿಗೆ ಪಿನ್ನು ಚುಚ್ಚಬೇಡಿ. ಅದು ರೀಸೆಟ್. ಕಂಪನಿಯವರು ತುಂಬಿಸಿದ ಯೂಸರ್ ಹೆಸರು, ಪಾಸ್‌ವರ್ಡ್, ಎಲ್ಲಾ ಅಳಿಸಿಹೋಗುತ್ತದೆ. ಆಗ ಒಂದು ದೋಷ ಇದ್ದದ್ದು ಎರಡಾಗುತ್ತದೆ. ಸ್ವಿಚ್ ಆಫ್ ಮಾಡಿ ಆನ್ ಮಾಡುವುದು ಬೇರೆ, ಅದರಿಂದ ತೊಂದರೆ ಇಲ್ಲ.

ಪಿಂಗ್ ಮಾಡಿ ಗೆಣ್ಣು ಹಿಡಿಯುವುದು

ಜಾಲದೊಳಗಿನ ಪ್ರತಿ ಡಬ್ಬಿಗೂ ಒಂದು ಐಪಿ ವಿಳಾಸ ಇರುತ್ತದೆ. ಮನೆಗಳಲ್ಲಿ ಸಾಮಾನ್ಯವಾಗಿ 192.168 ಅಂತ ಶುರುವಾಗುತ್ತದೆ. ಪಿಂಗ್ ಅಂದರೆ ಒಂದು ವಿಳಾಸಕ್ಕೆ "ಇದ್ದೀಯಾ?" ಎಂದು ಕೂಗಿ, "ಇದ್ದೀನಿ" ಎಂಬ ಉತ್ತರ ಎಷ್ಟು ಹೊತ್ತಿಗೆ ಬಂತು ಅಂತ ನೋಡುವುದು. ಹೊತ್ತನ್ನು ಮಿಲಿಸೆಕೆಂಡಿನಲ್ಲಿ ತೋರಿಸುತ್ತದೆ. ಸೆಕೆಂಡಿನ ಸಾವಿರದ ಒಂದು ಪಾಲು. ಲ್ಯಾಪ್‌ಟಾಪ್ ಇದ್ದರೆ ಕಮಾಂಡ್ ಪ್ರಾಂಪ್ಟಿನಲ್ಲಿ ಮಾಡಬಹುದು. ಫೋನಿಗೂ ಪಿಂಗ್ ಆ್ಯಪ್‌ಗಳು ಪುಕ್ಕಟೆ ಸಿಗುತ್ತವೆ.

ಆಲೆಮನೆಯಲ್ಲಿ ಗಾಣದ ಪಕ್ಕ, ಮೇಜಿನ ಹತ್ತಿರ ನಿಂತು ಒಂದೊಂದಾಗಿ ಮಾಡಿದೆ. ಒಳಗಿನ ಆಕ್ಸೆಸ್ ಪಾಯಿಂಟ್, 192.168.1.3. ಉತ್ತರ 2 ಮಿಲಿಸೆಕೆಂಡ್, ಹತ್ತಕ್ಕೆ ಹತ್ತೂ ಬಂತು. ಶೀಟಿನ ಅಂಚಿನ ರೇಡಿಯೊ, 192.168.1.21. ಉತ್ತರ 3 ಮಿಲಿಸೆಕೆಂಡ್, ಹತ್ತಕ್ಕೆ ಹತ್ತು. ತಾರಸಿಯ ರೇಡಿಯೊ, 192.168.1.20. ಹತ್ತರಲ್ಲಿ ಆರಕ್ಕೆ ಉತ್ತರವೇ ಇಲ್ಲ. ಬಂದ ನಾಲ್ಕರಲ್ಲಿ ಒಂದು 400, ಇನ್ನೊಂದು 900.

ಸಿಕ್ಕಿತು. ದೋಷ ಕಬ್ಬಿನ ಮೇಲೆ ಹಾರುವ ಗೆಣ್ಣಿನಲ್ಲಿದೆ. ಐದು ನಿಮಿಷವೂ ಆಗಿರಲಿಲ್ಲ.

ನಿಮ್ಮ ಮನೆಯಲ್ಲಿ ಸೇತುವೆ ಇರುವುದಿಲ್ಲ. ಎರಡೇ ಪಿಂಗ್ ಸಾಕು. ಒಂದು ಗೇಟ್‌ವೇಗೆ, ಅಂದರೆ ಮನೆಯಿಂದ ಹೊರಗೆ ಹೋಗುವ ಹೆಬ್ಬಾಗಿಲಿಗೆ. ಅದು ರೌಟರಿನ ವಿಳಾಸವೇ. ಬಹಳ ಕಡೆ 192.168.1.1 ಅಥವಾ 192.168.0.1. ಇನ್ನೊಂದು ಹೊರಗಿನ ವಿಳಾಸಕ್ಕೆ, 8.8.8.8 ಎಲ್ಲರಿಗೂ ನೆನಪಿರುವಂಥದ್ದು, ಗೂಗಲ್‌ನವರದು. ಗೇಟ್‌ವೇಗೇ ಉತ್ತರ ತಡವರಿಸುತ್ತಿದ್ದರೆ ದೋಷ ನಿಮ್ಮ ಮನೆಯ ಗೋಡೆಗಳೊಳಗೆ. ಗೇಟ್‌ವೇ ಚೆನ್ನಾಗಿದ್ದು 8.8.8.8 ಬರದಿದ್ದರೆ ರೌಟರಿನಿಂದಾಚೆ. ಆಗ ಫೈಬರ್ ಡಬ್ಬಿಯ ದೀಪ ನೋಡಿ. ಲಾಸ್ (LOS) ಎಂದು ಬರೆದ ದೀಪ ಕೆಂಪಗೆ ಉರಿಯುತ್ತಿದ್ದರೆ ಬೆಳಕು ಬರುತ್ತಿಲ್ಲ, ಫೈಬರ್ ಎಲ್ಲೋ ತುಂಡಾಗಿದೆ ಅಥವಾ ಜಾಸ್ತಿ ಮಡಚಿದೆ. ಮಂಡ್ಯ ಕಡೆ ಕಬ್ಬು ಕಡಿಯುವ ಕಾಲದಲ್ಲಿ ಎತ್ತರ ಹೇರಿದ ಲಾರಿಗಳು ರಸ್ತೆಗೆ ಅಡ್ಡ ಜೋತುಬಿದ್ದ ಕೇಬಲ್ಲನ್ನು ಕಿತ್ತುಕೊಂಡು ಹೋಗುವುದುಂಟು. ಕೆಂಪು ದೀಪ ಕಂಡರೆ ವೈಫೈ ಸೆಟ್ಟಿಂಗ್ ಮುಟ್ಟಬೇಡಿ, ಕಂಪನಿಗೆ ಫೋನ್ ಮಾಡಿ.

8.8.8.8 ಉತ್ತರ ಕೊಡುತ್ತದೆ, ಆದರೆ ಯಾವ ವೆಬ್‌ಸೈಟೂ ತೆರೆಯುವುದಿಲ್ಲ ಅಂದರೆ ಡಿಎನ್‌ಎಸ್ ಮೇಲೆ ಅನುಮಾನ ಪಡಿ. ನಾವು ಹೆಸರು ಹೇಳುತ್ತೇವೆ, ಜಾಲಕ್ಕೆ ನಂಬರ್ ಬೇಕು. ಹೆಸರಿಗೆ ನಂಬರ್ ಹುಡುಕಿಕೊಡುವುದು ಡಿಎನ್‌ಎಸ್. ಇನ್ನು ವಿಂಡೋಸ್ ಲ್ಯಾಪ್‌ಟಾಪಿನ ವಿಳಾಸ 169.254 ಎಂದು ಶುರುವಾಗಿದ್ದರೆ, ಅದಕ್ಕೆ ಯಾರೂ ವಿಳಾಸ ಕೊಟ್ಟಿಲ್ಲ, ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ. ವಿಳಾಸ ಹಂಚುವ ಕೆಲಸಕ್ಕೆ ಡಿಎಚ್‌ಸಿಪಿ ಅನ್ನುತ್ತಾರೆ. ಒಂದು ಮನೆಯಲ್ಲಿ ಅದನ್ನು ಒಂದೇ ಡಬ್ಬಿ ಮಾಡಬೇಕು. ಹಳೇ ರೌಟರನ್ನು ಎರಡನೇ ಆಕ್ಸೆಸ್ ಪಾಯಿಂಟ್ ಮಾಡಿಕೊಳ್ಳುವವರು ಅದರಲ್ಲಿ ಡಿಎಚ್‌ಸಿಪಿ ಆಫ್ ಮಾಡುವುದನ್ನು ಮರೆಯುತ್ತಾರೆ. ಅದರ ವಿಳಾಸವನ್ನೂ ಬದಲಾಯಿಸಬೇಕು. ಎರಡಕ್ಕೂ 192.168.1.1 ಇದ್ದರೆ ಎರಡೂ ಕೆಡುತ್ತವೆ.

ಡಿಬಿಎಂ: ಮೈನಸ್ ನಂಬರನ್ನು ಓದುವುದು

ರೇಡಿಯೊದ ಸೆಟ್ಟಿಂಗ್ ಪುಟ ತೆಗೆದೆ. ಸಿಗ್ನಲ್ -84 ಡಿಬಿಎಂ. ನೋಡುತ್ತಿದ್ದಂತೆ -79ಕ್ಕೆ ಬಂತು, ಮತ್ತೆ -88ಕ್ಕೆ ಹೋಯಿತು. ಮಾವ ಹಿಂದೆಯೇ ನಿಂತಿದ್ದರು. "ಎಂಬತ್ನಾಲ್ಕು ಅಂದ್ರೆ ಚೆನ್ನಾಗೈತೆ ಅಲ್ವೇನ್ಲಾ?"

"ಮೈನಸ್ ಇದೆ ನೋಡಿ ಮಾವ. ಸೊನ್ನೆಗೆ ಹತ್ತಿರ ಬಂದಷ್ಟೂ ಒಳ್ಳೇದು."

ಡಿಬಿಎಂ ಕಷ್ಟವಲ್ಲ. ಸೊನ್ನೆ ಡಿಬಿಎಂ ಅಂದರೆ ಒಂದು ಮಿಲಿವ್ಯಾಟ್. ಅಲ್ಲಿಂದ ಪ್ರತಿ 10 ಇಳಿದರೆ ಶಕ್ತಿ ಹತ್ತರ ಒಂದು ಪಾಲಾಗುತ್ತದೆ. ಪ್ರತಿ 3 ಇಳಿದರೆ ಅರ್ಧ. ಹಾಗಾಗಿ -54ಕ್ಕೂ -84ಕ್ಕೂ ವ್ಯತ್ಯಾಸ ಮೂವತ್ತಲ್ಲ, ಸಾವಿರ ಪಟ್ಟು. ಕಡ್ಡಿ ನೋಡುವುದಕ್ಕಿಂತ ಈ ನಂಬರ್ ನೋಡುವುದು ಒಳ್ಳೆಯದು ಅನ್ನುವುದು ಇದಕ್ಕೇ. ಯಾವ ನಂಬರಿಗೆ ಎಷ್ಟು ಕಡ್ಡಿ ಎಂಬುದಕ್ಕೆ ಒಂದೇ ನಿಯಮ ಇಲ್ಲ, ಒಂದೊಂದು ಫೋನು ಒಂದೊಂದು ಥರ. ಆಂಡ್ರಾಯ್ಡ್ ಫೋನಿನಲ್ಲಿ ವೈಫೈ ಅನಲೈಸರ್ ಥರದ ಆ್ಯಪ್ ಹಾಕಿಕೊಂಡರೆ ನಂಬರೇ ಕಾಣುತ್ತದೆ. ರೌಟರ್ ಪಕ್ಕ -30, -40 ಇರುತ್ತದೆ. -67ರವರೆಗೆ ವಿಡಿಯೊ ಕರೆಗೂ ಸಾಕು. -70 ದಾಟಿದರೆ ಎಳೆಯುತ್ತದೆ. -80 ದಾಟಿದರೆ ಹೆಸರು ಕಾಣುತ್ತದೆ ಅಷ್ಟೇ, ಕೆಲಸ ಆಗುವುದಿಲ್ಲ.

ಸಿಗ್ನಲ್ ಜೊತೆ ಗದ್ದಲವನ್ನೂ ನೋಡಬೇಕು. ಗಾಳಿಯಲ್ಲಿ ಯಾವಾಗಲೂ ಒಂದಿಷ್ಟು ರೇಡಿಯೊ ಗದ್ದಲ ಇದ್ದೇ ಇರುತ್ತದೆ. ಅಲ್ಲಿ -95 ಇತ್ತು. ಸಿಗ್ನಲ್ಲಿಗೂ ಗದ್ದಲಕ್ಕೂ ನಡುವಿನ ಅಂತರ ಹನ್ನೊಂದು. ಒಳ್ಳೇ ವೇಗಕ್ಕೆ ಇಪ್ಪತ್ತೈದಾದರೂ ಬೇಕು. ಗಾಣ ಓಡುವಾಗ ಪಕ್ಕದಲ್ಲಿ ನಿಂತು ಮಾತಾಡಿದ ಹಾಗೆ. ದನಿ ಗದ್ದಲಕ್ಕಿಂತ ಮೇಲೇಳದಿದ್ದರೆ ಒಂದೊಂದೇ ಪದ ನಿಧಾನವಾಗಿ, ಎರಡೆರಡು ಸಲ ಹೇಳಬೇಕಾಗುತ್ತದೆ. ರೇಡಿಯೊ ಮಾಡುವುದೂ ಅದನ್ನೇ. ಸಿಗ್ನಲ್ ಕುಗ್ಗಿದರೆ ತಾನಾಗಿ ವೇಗ ಇಳಿಸಿಕೊಳ್ಳುತ್ತದೆ, ತಪ್ಪಿದ್ದನ್ನು ಮತ್ತೆ ಮತ್ತೆ ಕಳಿಸುತ್ತದೆ. ಅದಕ್ಕೇ ಪಿಂಗ್ 900ಕ್ಕೆ ಹೋಗಿತ್ತು.

ಚಾನಲ್ ಮೇಲೆ ಅನುಮಾನ, ಅದನ್ನು ಕಳೆದದ್ದು

ಪಕ್ಕದವರ ರೇಡಿಯೊ ಅಡ್ಡ ಬರುತ್ತಿರಬಹುದಾ ಅಂತ ಮೊದಲು ನೋಡಿದೆ. ಇಲ್ಲಿ ಮೂರು ಪದ ಬರುತ್ತವೆ. ಬ್ಯಾಂಡ್ ಅಂದರೆ ರೇಡಿಯೊ ಅಲೆಗಳ ಒಂದು ಪಟ್ಟಿ. ವೈಫೈಗೆ ನಮ್ಮಲ್ಲಿ ಹೆಚ್ಚಾಗಿ ಬಳಸುವುದು 2.4 ಗಿಗಾಹರ್ಟ್ಸ್, 5 ಗಿಗಾಹರ್ಟ್ಸ್. 2.4ರ ಪಟ್ಟಿಗೆ ಲೈಸೆನ್ಸ್ ಬೇಡ ಎಂಬ ನಿಯಮ ಭಾರತದಲ್ಲಿ 2005ರಲ್ಲಿ ಬಂತು. 5ರ ಪಟ್ಟಿಯನ್ನು 2018ರಲ್ಲಿ ಇನ್ನೂ ಅಗಲವಾಗಿ ಬಿಟ್ಟುಕೊಟ್ಟರು. ಬ್ಯಾಂಡನ್ನು ತುಂಡು ಮಾಡಿ ನಂಬರ್ ಕೊಟ್ಟರೆ ಅದು ಚಾನಲ್. ಆ ತುಂಡಿನ ಅಗಲ 20, 40, 80 ಮೆಗಾಹರ್ಟ್ಸ್ ಹೀಗೆ. ಅಗಲ ಜಾಸ್ತಿಯಾದರೆ ವೇಗ ಜಾಸ್ತಿ, ಆದರೆ ಗದ್ದಲವೂ ಜಾಸ್ತಿ ಒಳಗೆ ಬರುತ್ತದೆ. ಅಗಲ ಎರಡು ಪಟ್ಟಾದರೆ ಗದ್ದಲವೂ ಎರಡು ಪಟ್ಟು, ಅಂದರೆ ಆ ನಂಬರ್ 3 ಏರುತ್ತದೆ.

ಒಂದು ಚಾನಲ್ಲಿನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬಹುದು. ಎಲ್ಲರೂ ಮೊದಲು ಕಿವಿಗೊಟ್ಟು ಕೇಳಿ, ಯಾರೂ ಮಾತಾಡುತ್ತಿಲ್ಲ ಅಂತ ಖಾತ್ರಿಯಾದ ಮೇಲೆ ಮಾತಾಡುತ್ತಾರೆ. ಮಾವನಿಗೆ ಇದನ್ನು ಹೇಳಲು ಕಷ್ಟವಾಗಲಿಲ್ಲ. ವಿಶ್ವೇಶ್ವರಯ್ಯ ನಾಲೆಯಲ್ಲಿ ಕಟ್ಟು ಪದ್ಧತಿಯಲ್ಲಿ ನೀರು ಬಿಡುತ್ತಾರಲ್ಲ, ಸರದಿ ಮೇಲೆ. ಹಾಗೇ ಇಲ್ಲೂ ಸರದಿ. ಕೊನೆ ಭಾಗದ ಗದ್ದೆಗೆ ನೀರು ಮುಟ್ಟಲು ಜಾಸ್ತಿ ಹೊತ್ತು ಬೇಕು, ಅಷ್ಟು ಹೊತ್ತು ಉಳಿದವರು ಕಾಯಬೇಕು. ವೈಫೈನಲ್ಲೂ ದೂರದ ಮೂಲೆಯಲ್ಲಿ -80ರಲ್ಲಿ ಒದ್ದಾಡುವ ಒಂದು ಫೋನು ನಿಧಾನವಾಗಿ ಮಾತಾಡುತ್ತಾ ಎಲ್ಲರ ಸರದಿಯನ್ನೂ ತಿನ್ನುತ್ತದೆ. ಒಬ್ಬರಿಗೆ ಸಿಗ್ನಲ್ ಇಲ್ಲದಿದ್ದರೆ ಮನೆಮಂದಿಗೆಲ್ಲ ನೆಟ್ ನಿಧಾನವಾಗುವುದು ಹೀಗೆ.

ಸ್ಕ್ಯಾನ್ ಮಾಡಿದೆ. ಗದ್ದೆಯ ನಡುವೆ 5ರ ಬ್ಯಾಂಡಿನಲ್ಲಿ ನಮ್ಮದು ಬಿಟ್ಟರೆ ಯಾರೂ ಇರಲಿಲ್ಲ. ಆದರೂ ಚಾನಲ್ ಒಂದನ್ನು ಬದಲಾಯಿಸಿ ಹತ್ತು ನಿಮಿಷ ನೋಡಿದೆ. -84 ಹಾಗೇ ಇತ್ತು. ಮತ್ತೆ ಮೊದಲಿನ ಚಾನಲ್ಲಿಗೇ ತಂದಿಟ್ಟೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಫಲ ಸಿಗದಿದ್ದರೆ ಹಳೆಯದಕ್ಕೇ ತನ್ನಿ. ಮೂರನ್ನು ಒಟ್ಟಿಗೆ ಬದಲಾಯಿಸಿ ಸರಿಹೋದರೆ, ಯಾವುದರಿಂದ ಸರಿಹೋಯಿತು ಅಂತ ಯಾವತ್ತಿಗೂ ಗೊತ್ತಾಗುವುದಿಲ್ಲ.

ಪೇಟೆಯ ಕತೆ ಬೇರೆ. ಮೈಸೂರಿನ ಕೃಷ್ಣಮೂರ್ತಿಪುರಂ, ಅಗ್ರಹಾರದ ಕಡೆ ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳಲ್ಲಿ 2.4ರಲ್ಲಿ ಸಂಜೆ ಸ್ಕ್ಯಾನ್ ಮಾಡಿದರೆ ಹದಿನೈದು, ಇಪ್ಪತ್ತು ಹೆಸರು ಕಾಣುತ್ತವೆ. ಅಲ್ಲಿ ಚಾನಲ್ ದೊಡ್ಡ ವಿಷಯ. 2.4ರಲ್ಲಿ ನಮ್ಮಲ್ಲಿ 1ರಿಂದ 13ರವರೆಗೆ ನಂಬರ್ ಇದ್ದರೂ ಒಂದರ ಮೇಲೊಂದು ಬೀಳದಂಥವು ಮೂರೇ: 1, 6, 11. ಅಗಲ 20ಕ್ಕೆ ಇಡಿ, ಈ ಮೂರರಲ್ಲಿ ಕಡಿಮೆ ಗದ್ದಲ ಇರುವುದನ್ನು ಆರಿಸಿ. ಯಾರೂ ಇಲ್ಲ ಅಂತ 4ನೇ ಚಾನಲ್ ಹಿಡಿಯಬೇಡಿ. 1ರವರಿಗೂ 6ರವರಿಗೂ ನಿಮ್ಮ ಮಾತು ಅರ್ಥವಾಗದ ಗದ್ದಲವಾಗಿ ಕೇಳುತ್ತದೆ, ಅವರದು ನಿಮಗೂ ಹಾಗೇ. ಅರ್ಥವಾಗದವರ ಜೊತೆ ಸರದಿ ಹಂಚಿಕೊಳ್ಳಲು ಆಗುವುದಿಲ್ಲ. ಬ್ಲೂಟೂತ್, ಮೈಕ್ರೋವೇವ್ ಒಲೆ ಕೂಡ ಇದೇ 2.4ರಲ್ಲಿ ಬರುತ್ತವೆ. ಆದಷ್ಟು ಫೋನುಗಳನ್ನು 5ಕ್ಕೆ ಸೇರಿಸುವುದೇ ಅಲ್ಲಿ ಮದ್ದು. 5ರ ಕಷ್ಟ ಅಂದರೆ ಗೋಡೆ ದಾಟುವುದರಲ್ಲಿ ಸೋಲುತ್ತದೆ, ಆ ಹಳೇ ಮನೆಗಳ ದಪ್ಪ ಗೋಡೆಗಳಲ್ಲಂತೂ ಜಾಸ್ತಿ. ಹೋದ ವರ್ಷ ಅಲ್ಲೊಂದು ಮನೆಯಲ್ಲಿ ರೌಟರನ್ನು ಕನ್ನಡಿ ಇರುವ ಕಬ್ಬಿಣದ ಬೀರುವಿನ ಹಿಂದೆ ಇಟ್ಟಿದ್ದರು. ಕಬ್ಬಿಣ ಅಲೆಯನ್ನು ವಾಪಸ್ ಕಳಿಸುತ್ತದೆ. ಆರಡಿ ಪಕ್ಕಕ್ಕೆ, ತಲೆಗಿಂತ ಎತ್ತರಕ್ಕೆ ಇಟ್ಟೆ. ಒಳಕೋಣೆಯಲ್ಲಿ -81 ಇದ್ದದ್ದು -68 ಆಯಿತು. ಒಂದು ರೂಪಾಯಿ ಖರ್ಚಿಲ್ಲ.

ಕಣ್ಣಿಗೆ ಕಂಡರೆ ಸಾಕೇ?

ಗದ್ದಲವಲ್ಲ, ಚಾನಲ್ ಅಲ್ಲ. ಸಿಗ್ನಲ್ಲೇ ಬರುತ್ತಿಲ್ಲ. ಏಣಿ ಹಾಕಿಸಿ ಶೀಟಿನ ಅಂಚಿನವರೆಗೆ ಹತ್ತಿದೆ. ಶೀಟಿನ ಮೇಲೆ ಮಾತ್ರ ಕಾಲಿಡಬೇಡಿ, ಮುರಿಯುತ್ತದೆ. ರೇಡಿಯೊ ಪಕ್ಕ ಮುಖ ಇಟ್ಟು ಮನೆಯ ಕಡೆ ನೋಡಿದೆ. ಮನೆ ಕಾಣಲಿಲ್ಲ. ಎದುರಿಗೆ ಬರೀ ಕಬ್ಬು. ಗರಿಯ ಮೇಲೆ ಇಬ್ಬನಿ ಇನ್ನೂ ಹಾಗೇ ಇತ್ತು.

ಜನವರಿಯಲ್ಲಿ ಡಬ್ಬಿ ಕೂರಿಸಿದಾಗ ಗದ್ದೆ ಕಡಿದು ಬೋಳಾಗಿತ್ತು. ಮನೆಯಿಂದ ಆಲೆಮನೆ ನೇರವಾಗಿ ಕಾಣುತ್ತಿತ್ತು. ಆಮೇಲೆ ಕೂಳೆ ಬೆಳೆ ಬಂತು. ಗೌರಿ ಹಬ್ಬದ ಹೊತ್ತಿಗೆ ಒಂಬತ್ತಡಿ ದಾಟಿ, ಈಗ ಹನ್ನೊಂದಡಿ ಆಗಿದೆ. ಆಲೆಮನೆ ಕಡೆಯ ರೇಡಿಯೊ ಇರುವುದು ನೆಲದಿಂದ ಒಂಬತ್ತಡಿ ಎತ್ತರದಲ್ಲಿ. ಕಬ್ಬು ಅದನ್ನು ಪೂರ್ತಿ ಮುಚ್ಚಿಬಿಟ್ಟಿತ್ತು. ನೀರು ಈ ಅಲೆಗಳನ್ನು ಹೀರುತ್ತದೆ. ಹಸಿ ಗರಿಯಲ್ಲಿ ನೀರಿದೆ, ಇಬ್ಬನಿ ಬಿದ್ದರೆ ಇನ್ನೂ ಜಾಸ್ತಿ, ಮಳೆ ಬಂದರೆ ಇನ್ನೂ ಜಾಸ್ತಿ. ಮಾವ ಹೇಳಿದ ಬೆಳಗಿನ ಹೊತ್ತು, ಮಳೆ, ಎರಡಕ್ಕೂ ಇಲ್ಲಿ ಉತ್ತರ ಸಿಕ್ಕಿತು. ಗಾಳಿಗೆ ಗರಿ ಓಲಾಡಿದಾಗ ನಂಬರ್ -79ಕ್ಕೂ -88ಕ್ಕೂ ಓಲಾಡುತ್ತಿದ್ದದ್ದಕ್ಕೂ ಇದೇ ಕಾರಣ.

ಒಂದು ರೇಡಿಯೊದಿಂದ ಇನ್ನೊಂದಕ್ಕೆ ನಡುವೆ ಏನೂ ಅಡ್ಡ ಇಲ್ಲದ ನೇರ ನೋಟಕ್ಕೆ ಲೈನ್ ಆಫ್ ಸೈಟ್ ಅನ್ನುತ್ತಾರೆ. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಕಬ್ಬಿನ ತುದಿಗಿಂತ ಒಂದಡಿ ಮೇಲೆತ್ತಿದರೆ ಸಾಕು, ಕಣ್ಣಿಗೆ ಕಾಣುತ್ತದಲ್ಲ ಅಂತ. ಸಾಲದು. ರೇಡಿಯೊ ಅಲೆ ದಾರದ ಹಾಗೆ ಸಪೂರವಾಗಿ ಹೋಗುವುದಿಲ್ಲ. ಎರಡು ತುದಿಯಲ್ಲಿ ಸಣ್ಣಗೆ, ನಡುವೆ ಉಬ್ಬಿ, ಸೌತೆಕಾಯಿ ಆಕಾರದ ಜಾಗ ಅದಕ್ಕೆ ಬೇಕು. ಅದಕ್ಕೆ ಫ್ರೆನೆಲ್ ವಲಯ ಎಂದು ಹೆಸರು. ಬೆಳಕು ಅಲೆಯಾಗಿ ಹೋಗುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದ ಫ್ರಾನ್ಸಿನ ವಿಜ್ಞಾನಿ ಫ್ರೆನೆಲ್ ಅವರ ಹೆಸರು ಅದಕ್ಕೆ ಬಂದಿದೆ. ಅವರು ತೀರಿಕೊಂಡದ್ದು 1827ರಲ್ಲಿ, ರೇಡಿಯೊ ಹುಟ್ಟುವುದಕ್ಕೂ ಎಷ್ಟೋ ವರ್ಷ ಮೊದಲು. ಆ ಲೆಕ್ಕ ಇವತ್ತು ಮಂಡ್ಯದ ಕಬ್ಬಿನ ಗದ್ದೆಯಲ್ಲಿ ಕೆಲಸಕ್ಕೆ ಬರುತ್ತದೆ ಅನ್ನುವುದು ನನಗೆ ಈಗಲೂ ಬೆರಗು.

ನಡುಮಧ್ಯದಲ್ಲಿ ಆ ಉಬ್ಬು ಎಷ್ಟಿರುತ್ತದೆ? ಅಲೆಯ ಉದ್ದವನ್ನು ದೂರದಿಂದ ಗುಣಿಸಿ, ವರ್ಗಮೂಲ ತೆಗೆದು, ಅರ್ಧ ಮಾಡಿ. ನಮ್ಮ ರೇಡಿಯೊ ಇದ್ದದ್ದು 5.8 ಗಿಗಾಹರ್ಟ್ಸ್. ಅದರ ಅಲೆ ಸುಮಾರು 5.2 ಸೆಂಟಿಮೀಟರ್. ದೂರ 210 ಮೀಟರ್. ಲೆಕ್ಕ ಹಾಕಿದರೆ 1.65 ಮೀಟರ್, ಸುಮಾರು ಐದೂವರೆ ಅಡಿ. ನಡು ಗೆರೆಯಿಂದ ಕೆಳಕ್ಕೆ ಅಷ್ಟು ಖಾಲಿ ಇರಬೇಕು. ನೂರಕ್ಕೆ ಅರವತ್ತು ಭಾಗ ಖಾಲಿ ಇದ್ದರೂ ನಡೆಯುತ್ತದೆ, ಆದರೆ ಕಬ್ಬು ಇನ್ನೂ ಬೆಳೆಯುತ್ತದೆ, ತುದಿಗೆ ಸೂಲಂಗಿ, ಅಂದರೆ ಕಬ್ಬಿನ ಹೂವು, ಬರುತ್ತದೆ. ಪೂರ್ತಿ ಬಿಡುವುದೇ ಕ್ಷೇಮ.

ತಾರಸಿಯ ರೇಡಿಯೊ ಹದಿನಾರು ಅಡಿ ಎತ್ತರದಲ್ಲಿದೆ. ಆಲೆಮನೆಯದು ಒಂಬತ್ತು. ನಡುಮಧ್ಯದಲ್ಲಿ ಗೆರೆ ಹನ್ನೆರಡೂವರೆ ಅಡಿಯಲ್ಲಿ ಹೋಗುತ್ತದೆ. ಕಬ್ಬು ಹನ್ನೊಂದು. ಒಂದೂವರೆ ಅಡಿಯಷ್ಟೇ ಬಿಡುವು. ಆಲೆಮನೆ ಕಡೆಯದನ್ನು ಇಪ್ಪತ್ತಡಿಗೆ ಏರಿಸಿದರೆ ನಡುವೆ ಹದಿನೆಂಟಡಿ, ಬಿಡುವು ಏಳಡಿ.

ಕೊಳ್ಳುವ ಮೊದಲು ಪರೀಕ್ಷೆ

ಲೆಕ್ಕ ಸರಿ ಇದೆ ಅಂತ ತಕ್ಷಣ ಪೈಪು ತರಿಸಲಿಲ್ಲ. ಮಾವನ ಮಗ ಒಂದು ಉದ್ದದ ಬಿದಿರು ಗಳ ತಂದ. ರೇಡಿಯೊ ಬಿಚ್ಚಿ ಅದರ ತುದಿಗೆ ಕಟ್ಟಿದೆವು. ಕೇಬಲ್ ಸಡಿಲ ಬಿಟ್ಟುಕೊಂಡು ನಾನೂ ಇನ್ನೊಬ್ಬರೂ ಗಳವನ್ನು ನಿಧಾನವಾಗಿ ಮೇಲೆತ್ತಿದೆವು. ಕರೆಂಟಿನ ತಂತಿ ಹತ್ತಿರ ಇಲ್ಲ ಅಂತ ಮೊದಲೇ ನೋಡಿಕೊಂಡಿದ್ದೆ. ಅವನು ಲ್ಯಾಪ್‌ಟಾಪ್ ಮುಂದೆ ಕೂತು ನಂಬರ್ ಕೂಗುತ್ತಿದ್ದ. "ಎಂಬತ್ನಾಲ್ಕು... ಎಂಬತ್ಮೂರು... ಎಪ್ಪತ್ತೇಳು... ಅಣ್ಣ ಅರವತ್ತಾರು! ಐವತ್ತೇಳು! ಐವತ್ತೆರಡು, ನಿಲ್ಸಿ ನಿಲ್ಸಿ!" ಕೊಪ್ಪರಿಗೆ ಹತ್ತಿರ ಪಾಕ ತಿರುವುತ್ತಿದ್ದವರೂ ತಲೆಯೆತ್ತಿ ನೋಡಿದರು. ಮಾವ ಫೋನ್ ತೆಗೆದು ನೋಡಿದರು. ನಿನ್ನೆಯಿಂದ ತಿರುಗುತ್ತಲೇ ಇದ್ದ ಬೆಲ್ಲದ ಫೋಟೊ ಹೋಗಿಬಿಟ್ಟಿತ್ತು.

ಏರುತ್ತಾ ಹೋದದ್ದು ಒಂದೇ ಸಮನಾಗಿ ಅಲ್ಲ ಅನ್ನುವುದನ್ನು ಗಮನಿಸಿ. ಕಬ್ಬಿನೊಳಗೆ ಇರುವವರೆಗೆ ಏನೂ ಬದಲಾಗಲಿಲ್ಲ. ತುದಿ ದಾಟಿದ ಜಾಗದಲ್ಲಿ ದಿಢೀರ್ ಅಂತ ಏರಿತು. ಅಲ್ಲಿಂದ ಮೇಲೆ ಮತ್ತೆ ನಿಧಾನ. ಅಡ್ಡ ಇರುವುದೇ ಕಾರಣ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಮಂಡ್ಯದಿಂದ ಇಪ್ಪತ್ತಡಿ ಜಿಐ ಪೈಪು ತಂದು, ಬುಡಕ್ಕೆ ಕಾಂಕ್ರೀಟ್ ಹಾಕಿ, ಮೂರು ಕಡೆ ತಂತಿ ಬಿಗಿದು ನಿಲ್ಲಿಸಿದೆವು. ಪೈಪಿಗೆ ಅರ್ಥಿಂಗ್ ಕೊಡಿಸಿದೆವು. ಗದ್ದೆ ಬಯಲಿನಲ್ಲಿ ಎತ್ತರದ ಕಬ್ಬಿಣ ನಿಲ್ಲಿಸುವಾಗ ಸಿಡಿಲಿನ ವಿಷಯದಲ್ಲಿ ಉಳಿತಾಯ ನೋಡಬಾರದು. ರೇಡಿಯೊಗೆ ಕರೆಂಟು ಅದೇ ನೆಟ್ ಕೇಬಲ್ಲಿನಲ್ಲೇ ಹೋಗುತ್ತದೆ. ಅದಕ್ಕೆ ಪಿಒಇ ಅನ್ನುತ್ತಾರೆ. ಅದರ ಅಡಾಪ್ಟರಿನಲ್ಲಿ ಎರಡು ಕಿಂಡಿ. ಪಿಒಇ ಎಂದಿರುವುದು ರೇಡಿಯೊಗೆ, ಲ್ಯಾನ್ ಎಂದಿರುವುದು ಒಳಗಿನ ಡಬ್ಬಿಗೆ. ಅದಲುಬದಲಾದರೆ ರೇಡಿಯೊ ದೀಪವೇ ಹತ್ತುವುದಿಲ್ಲ.

ಹೊಸ ಕೇಬಲ್ಲಿಗೆ ಕನೆಕ್ಟರ್ ಹೊಡೆದ ಮೇಲೆ ಸೆಕೆಂಡಿಗೆ ಸಾವಿರ ಮೆಗಾಬಿಟ್ ವೇಗಕ್ಕೆ ಕೂಡಬೇಕಾದ ಲಿಂಕು 100ಕ್ಕೇ ನಿಂತಿತು. ಬೆಳಕಿಗೆ ಹಿಡಿದು ನೋಡಿದರೆ ಎಂಟನೇ ತಂತಿ, ಕಂದು ಬಣ್ಣದ್ದು, ಕನೆಕ್ಟರಿನ ಕೊನೆಯವರೆಗೆ ಹೋಗಿರಲಿಲ್ಲ. 100ಕ್ಕೆ ನಾಲ್ಕು ತಂತಿ ಸಾಕು, ಸಾವಿರಕ್ಕೆ ಎಂಟೂ ಬೇಕು. ಕತ್ತರಿಸಿ ಮತ್ತೆ ಹೊಡೆದೆ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಇದೇ ಸಾಲು. ಕೇಬಲ್ ಶೆಡ್ಡಿನೊಳಗೆ ಹೋಗುವ ಜಾಗದಲ್ಲಿ ಕೆಳಕ್ಕೆ ಒಂದು ಬಾಗು ಬಿಡಿ, ಮಳೆ ನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ, ಒಳಗೆ ಹರಿಯುವುದಿಲ್ಲ. ಆಲೆಮನೆಯ ಹೊಗೆ, ಮಸಿ ಅಡಾಪ್ಟರಿನೊಳಗೆ ಹೋಗದ ಹಾಗೆ ಮುಚ್ಚಳ ಇರುವ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಟ್ಟೆವು.

ಕೊನೆಗೆ ಚಾನಲ್ ಅಗಲವನ್ನು 80ರಿಂದ 40ಕ್ಕೆ ಇಳಿಸಿದೆ. ಮಾವನ ಪ್ಲಾನು 40 ಎಂಬಿಪಿಎಸ್. ಅಷ್ಟಕ್ಕೆ ಅಷ್ಟು ಅಗಲ ಬೇಡ. ಇಲ್ಲೇ ಇನ್ನೊಂದು ಮಾತು. ಎಂಬಿಪಿಎಸ್ ಅಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ 40ರ ಪ್ಲಾನಿನಲ್ಲಿ ಸೆಕೆಂಡಿಗೆ 5 ಎಂಬಿ, ಅಂದರೆ ಮೆಗಾಬೈಟ್, ಇಳಿದರೆ ಅದು ಸರಿಯಾದ ವೇಗವೇ. ಫೋನಿನ ವೈಫೈ ಪುಟದಲ್ಲಿ 433 ಅಂತಲೋ 72 ಅಂತಲೋ ಕಾಣುವುದು ಫೋನಿಗೂ ಪಕ್ಕದ ಡಬ್ಬಿಗೂ ನಡುವಿನ ಲಿಂಕಿನ ವೇಗ. ಮತ್ತೆ ಅದೇ ಮೊದಲ ಗೆಣ್ಣು.

ಸರಿಹೋಯಿತು ಅಂತ ಆ ಮಧ್ಯಾಹ್ನವೇ ಹೇಳಲಿಲ್ಲ. ದೋಷ ಕಾಣುತ್ತಿದ್ದದ್ದು ಬೆಳಗ್ಗೆ. ರಾತ್ರಿ ಅಲ್ಲೇ ಉಳಿದೆ. ಬೆಳಗ್ಗೆ ಆರಕ್ಕೆ, ಗರಿಯಿಂದ ಇಬ್ಬನಿ ತೊಟ್ಟಿಕ್ಕುವಾಗ, ತಾರಸಿಯ ರೇಡಿಯೊಗೆ ನೂರು ಪಿಂಗ್ ಕಳಿಸಿದೆ. ನೂರೂ ವಾಪಸ್ ಬಂತು, 2ರಿಂದ 5 ಮಿಲಿಸೆಕೆಂಡಿನೊಳಗೆ.

ಹೊರಡುವ ಮುಂಚೆ ಒಂದು ರಟ್ಟಿನ ಚೀಟಿ ಬರೆದು ಪ್ಲಾಸ್ಟಿಕ್ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದೆ. ಯಾವ ಡಬ್ಬಿಗೆ ಯಾವ ವಿಳಾಸ: 3, 21, 20, 1. ಸಿಗ್ನಲ್ -51. ಗದ್ದಲ -95. ಪಿಂಗ್ 5ರೊಳಗೆ. ಕಬ್ಬು ಹನ್ನೊಂದಡಿ. ಪೈಪು ಇಪ್ಪತ್ತಡಿ. ಕೆಳಗೆ ತಾರೀಖು.